ಯುದ್ಧ ಬೇಕೋ ಬೇಡವೋ: ಕೊಡಗಿನ ಒಂದು ಊರಿನ ಮನವಿ ಪತ್ರದ ಪ್ರಕರಣ

ಇದು 2025ರ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮಧ್ಯದವರೆಗೆ ನಮ್ಮ ಕಡೆ ನಡೆದಿದ್ದು. ದೇಶ ಯುದ್ಧಕ್ಕೆ ಹೋಗ್ಬೇಕಾ ಬೇಡ್ವಾ ಅನ್ನೋ ಒಂದೇ ಪ್ರಶ್ನೆಗೆ ಒಂದು ಊರು ಎರಡು ಹೋಳಾಗೋ ಹಂತಕ್ಕೆ ಬಂದು, ಹೋಳಾಗದೆ ಉಳೀತು. ಹೇಗೆ ಉಳೀತು ಅನ್ನೋದು ಬೇರೆ ಊರವರಿಗೂ ಉಪಯೋಗಕ್ಕೆ ಬರ್ಲಿ ಅಂತ ಬರೀತಿದ್ದೀನಿ. ಊರಿನ ಹೆಸರು, ಸಂಘದ ಹೆಸರು, ಜನರ ಹೆಸರು ಯಾವುದೂ ಹಾಕಿಲ್ಲ. ಕೆಲವರ ವಯಸ್ಸು, ಕೆಲಸ ಬದಲಾಯಿಸಿದ್ದೀನಿ, ಸಂಬಂಧಪಟ್ಟವರಿಗೆ ಓದಿ ಹೇಳಿ ಒಪ್ಪಿಗೆ ತಗೊಂಡಿದ್ದೀನಿ.

ಹಿನ್ನೆಲೆ

ಊರು ಸೋಮವಾರಪೇಟೆ ಕಡೇದು. ಕಾಫಿ, ಕರಿಮೆಣಸು, ಒಂದಿಷ್ಟು ಗದ್ದೆ, ಈಚೆಗೆ ಕೆಲವು ಹೋಂಸ್ಟೇ. ಸುಮಾರು ಮನೆಗಳಲ್ಲಿ ಒಬ್ಬರಾದ್ರೂ ಮಿಲಿಟರಿಯಲ್ಲಿ ಇದ್ದವರು ಅಥವಾ ಇರೋರು. ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಆದ ಕಾರ್ಯಪ್ಪ ಇಲ್ಲಿಯವರು, 1957ರಿಂದ 61ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯ ಇಲ್ಲಿಯವರು. 1965ರಲ್ಲಿ ಸರ್ಗೋಧಾ ಮೇಲೆ ದಾಳಿಗೆ ಹೋಗಿ, ತನ್ನ ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದುರುಳಿಸಿ ಅಲ್ಲೇ ಪ್ರಾಣ ಬಿಟ್ಟ ಸ್ಕ್ವಾಡ್ರನ್ ಲೀಡರ್ ದೇವಯ್ಯ ಕೂಡ ಇಲ್ಲಿಯವರೇ, ಅವರಿಗೆ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಇಂಥ ಜಿಲ್ಲೆಯಲ್ಲಿ ಯುದ್ಧದ ಮಾತು ಬಂದ್ರೆ ಅದು ಬರೀ ಟಿವಿ ಸುದ್ದಿ ಆಗಿ ಉಳಿಯಲ್ಲ, ಪ್ರತಿಯೊಬ್ಬರಿಗೂ ಅದು ಸ್ವಂತ ಮನೆ ವಿಷಯ ಆಗುತ್ತೆ.

ಏಪ್ರಿಲ್ 22ಕ್ಕೆ ಪಹಲ್ಗಾಮ್ ಹತ್ರ ಬೈಸರನ್‌ನಲ್ಲಿ ಉಗ್ರರು 26 ಜನರನ್ನ ಕೊಂದ್ರು. ಸತ್ತವರಲ್ಲಿ ಕರ್ನಾಟಕದವರೂ ಇದ್ರು. ಹೆಂಡತಿ ಮಕ್ಕಳ ಎದುರಲ್ಲೇ ಗಂಡಸರನ್ನ ಧರ್ಮ ಕೇಳಿ ಗುಂಡಿಟ್ಟಿದ್ದು ನೋಡಿ ಊರಿನ ಯಾರ ಮನೆಯಲ್ಲೂ ಅವತ್ತು ಸರಿಯಾಗಿ ಊಟ ಸೇರಿರ್ಲಿಕ್ಕಿಲ್ಲ. ಮಾರನೇ ದಿನ ಸರ್ಕಾರ 1960ರ ಸಿಂಧೂ ನದಿ ಒಪ್ಪಂದವನ್ನ ತಡೆಹಿಡೀತು, ಅಟ್ಟಾರಿ ಗೇಟ್ ಮುಚ್ಚಿತು. ಮುಂದೇನು ಅನ್ನೋದೇ ಎಲ್ಲರ ಬಾಯಲ್ಲಿ.

ಸಮಸ್ಯೆ

ಊರಿನ ಸಂಘದ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಸಾಮಾನ್ಯವಾಗಿ ಬರೋದು ಕರೆಂಟ್ ಯಾವಾಗ ಬರುತ್ತೆ, ಆನೆ ಯಾರ ತೋಟಕ್ಕೆ ನುಗ್ಗಿದೆ, ಕಾಫಿ ರೇಟ್ ಎಷ್ಟು, ಯಾರ ಮದುವೆ ಎಲ್ಲಿ, ಇಷ್ಟೇ. ಸಂಘದ ಸೆಕ್ರೆಟರಿ, ಜೀಪ್ ಇಟ್ಕೊಂಡು ಟೂರಿಸ್ಟ್‌ಗಳನ್ನ ಓಡಿಸೋ ಹುಡುಗ, ಒಳ್ಳೇ ಕೆಲಸಗಾರ, ಅವನು ಒಂದು ಮೆಸೇಜ್ ಹಾಕಿದ. ಪಾಕಿಸ್ತಾನದ ಮೇಲೆ ಕೂಡಲೇ ಯುದ್ಧ ಸಾರಬೇಕು ಅಂತ ಸಂಘದ ಲೆಟರ್‌ಹೆಡ್‌ನಲ್ಲಿ ತಹಸೀಲ್ದಾರ್ ಮೂಲಕ ಪ್ರಧಾನಿಗೆ ಮನವಿ ಕೊಡೋಣ, ಎಲ್ಲರೂ ಸಹಿ ಹಾಕ್ಬೇಕು. ಸಾಲು ಸಾಲು ಹೆಬ್ಬೆಟ್ಟು ಬಿತ್ತು, ಜೈ ಹಿಂದ್ ಬಿತ್ತು.

ಸಂಜೆಗೆ ನಿವೃತ್ತ ಸುಬೇದಾರ್ ಒಬ್ಬರು ಒಂದೇ ಸಾಲು ಬರೆದ್ರು. ನಾನು ಸಹಿ ಹಾಕುವುದಿಲ್ಲ. ಕಾರಣ ಬರೀಲಿಲ್ಲ.

ಅಲ್ಲಿಂದ ಶುರುವಾಯ್ತು. ಯಾಕೆ ಮಾವ ಅಂತ ಮರ್ಯಾದೆಯಾಗಿ ಕೇಳಿದವರೂ ಇದ್ರು, ಆದ್ರೆ ರಾತ್ರಿ ಹೊತ್ತಿಗೆ ಒಬ್ಬ "ಪೆನ್ಷನ್ ತಿಂದು ಕೂತವರಿಗೆ ಭಯ ಜಾಸ್ತಿ" ಅಂತ ಹಾಕ್ಬಿಟ್ಟ. ಬಂದೂಕು ಮುಟ್ಟದೇ ಇದ್ದವನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಮಾಡಿದವರಿಗೆ ಹೇಡಿ ಅಂದ ಹಾಗಾಯ್ತು. ಸುಬೇದಾರರ ತಮ್ಮನ ಮಗ ಅದಕ್ಕೆ ಬಾಯಿಗೆ ಬಂದ ಹಾಗೆ ಉತ್ತರ ಕೊಟ್ಟ. ಇದರ ಮಧ್ಯೆ ಇನ್ನೊಬ್ಬ ಪೇಟೆಯ ಒಂದು ಅಂಗಡಿಯವರ ಹೆಸರೆತ್ತಿ, ಮೊದಲು ಅವರ ಸಹಿ ತಗೊಳ್ಳಿ ನೋಡೋಣ ಹಾಕ್ತಾರಾ ಅಂತ ಬರೆದ. ಅವರು ಮುಸ್ಲಿಂ, ಊರಿಗೆ ಮೂರು ತಲೆಮಾರಿನಿಂದ ಗೊತ್ತಿರೋ ಮನೆತನ. ಇಡೀ ಪ್ರಕರಣದಲ್ಲಿ ಅತಿ ಅಪಾಯದ ಗಳಿಗೆ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಗಡಿಯಾಚೆ ಇದ್ದ ಸಿಟ್ಟು ಒಂದೇ ಮೆಸೇಜ್‌ನಲ್ಲಿ ಪೇಟೆ ಬೀದಿಗೆ ಬಂದಿತ್ತು.

ಏನೇನು ಮಾಡಿ ನೋಡಿದ್ರು

ಅಧ್ಯಕ್ಷರು ಮೊದಲು ಮಾಡಿದ್ದು ಗ್ರೂಪ್ ಲಾಕ್. ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿದ್ರು. ಇದರಿಂದ ಜಗಳ ನಿಲ್ಲಲಿಲ್ಲ, ಸ್ಕ್ರೀನ್‌ಶಾಟ್ ಆಗಿ ಸಣ್ಣ ಸಣ್ಣ ಗ್ರೂಪ್‌ಗಳಿಗೆ ಹೋಯ್ತು, ಅಲ್ಲಿ ಎದುರಾಳಿ ಇರಲ್ಲ, ಹಾಗಾಗಿ ತಡೆಯೋರೂ ಇಲ್ಲ, ಎರಡೂ ಕಡೆಯವರು ತಮ್ಮ ತಮ್ಮಲ್ಲೇ ಇನ್ನೂ ಬಿಸಿಯಾದ್ರು.

ಎರಡನೇ ಸಲ ಅವರು ಮಾಡಿದ್ದು ಒಳ್ಳೇ ಕೆಲಸ. ಸೀದಾ ಆ ಅಂಗಡಿಗೆ ಹೋಗಿ ಕೂತು ಚಹಾ ಕುಡಿದು, ಮನವಿಗೆ ಯಾರ ಮನೆ ಬಾಗಿಲಿಗೂ ಅಂಗಡಿ ಬಾಗಿಲಿಗೂ ಯಾರೂ ಸಹಿ ಕೇಳ್ಕೊಂಡು ಬರಲ್ಲ, ಇಷ್ಟ ಇದ್ದವರು ಸಂಘದ ಆಫೀಸಿಗೆ ಬಂದು ಹಾಕ್ಬೇಕು, ಇದು ನನ್ನ ಮಾತು ಅಂತ ಹೇಳಿ ಬಂದ್ರು. ಗ್ರೂಪ್‌ನಲ್ಲೂ ಅದನ್ನೇ ಹಾಕಿದ್ರು. ಸಹಿ ಅನ್ನೋದು ಪರೀಕ್ಷೆ ಆಗೋದು ಅಲ್ಲಿಗೆ ನಿಂತಿತು. ಮುಂದೆ ಏನೇ ಆದ್ರೂ ಈ ಒಂದು ನಿರ್ಧಾರ ಆಗದೆ ಇದ್ದಿದ್ರೆ ಬೇರೆ ಯಾವುದೂ ಕೆಲಸ ಮಾಡ್ತಿರ್ಲಿಲ್ಲ.

ಆಮೇಲೆ ನನ್ನ ಹತ್ರ ಬಂದ್ರು. ನಾನು ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತ ಆದವನು, ರಸ್ತೆಗೆ, ಆನೆ ಕಂದಕಕ್ಕೆ, ಬಸ್ಸಿಗೆ ಅಂತ ಸಂಘದ ಮನವಿಗಳನ್ನ ಬರೆದುಕೊಟ್ಟು ಅಭ್ಯಾಸ. "ಮೇಷ್ಟ್ರೇ, ನೀವೇ ಒಂದು ಡ್ರಾಫ್ಟ್ ಮಾಡಿಕೊಡಿ, ಎರಡೂ ಕಡೆಯವರು ಒಪ್ಪೋ ಹಾಗೆ" ಅಂದ್ರು. ಎರಡೂ ಕಡೆಯವರು ಒಪ್ಪೋ ಮನವಿ ಅಂದ್ರೆ ಏನೂ ಹೇಳದ ಮನವಿ, ಅದು ನನಗೆ ಬೇಡ ಅನ್ನಿಸ್ತು. ನಾನು ಒಂದು ಷರತ್ತು ಹಾಕಿದೆ. ನೀವು ಹೇಳಿದ್ದನ್ನೇ ಬರೀತೀನಿ, ಆದ್ರೆ ಎಲ್ಲರೂ ಕೂತಿರೋ ಸಭೆಯಲ್ಲೇ ಬರೀತೀನಿ, ಒಂದೊಂದು ವಾಕ್ಯ ಬರೆಯೋ ಮೊದಲು ಅದನ್ನ ಕೇಳಿದವರು ಮೂರು ಪ್ರಶ್ನೆಗೆ ಉತ್ತರ ಹೇಳ್ಬೇಕು. ಯುದ್ಧದಿಂದ ಏನು ಆಗ್ಬೇಕು ಅಂತೀರಿ. ಅದು ಬೇರೆ ದಾರಿಯಲ್ಲಿ ಯಾಕೆ ಆಗಲ್ಲ. ಯಾವಾಗ ಸಾಕು ಅಂತ ನಿಲ್ಲಿಸ್ಬೇಕು.

ಯುದ್ಧ ಬೇಡ ಅನ್ನೋರಿಗೂ ಇದೇ ಪ್ರಶ್ನೆ ತಿರುಗಿಸಿ. ಯುದ್ಧ ಇಲ್ಲದೆ ಇದು ಹೇಗೆ ನಿಲ್ಲುತ್ತೆ, ಎಲ್ಲಿಯವರೆಗೆ ಸಹಿಸ್ತೀರಿ.

ಸಭೆ

ಒಂದು ಭಾನುವಾರ ಮಧ್ಯಾಹ್ನ ಸೇರಿದ್ದು. ಮೊದಲ ಅರ್ಧ ಗಂಟೆ ಎರಡೂ ಕಡೆಯವರು ನಮ್ಮ ಜನರಲ್‌ಗಳನ್ನೇ ಎತ್ತಿ ಎತ್ತಿ ಹೊಡೆದ್ರು. 1965ರಲ್ಲಿ ಕಾರ್ಯಪ್ಪ ಅವರ ಮಗ ವಿಮಾನ ಬಿದ್ದು ಪಾಕಿಸ್ತಾನದ ಕೈಗೆ ಸಿಕ್ಕಾಗ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕಡೆಯಿಂದ ವಿಶೇಷ ಸೌಲಭ್ಯದ ಮಾತು ಬಂದ್ರೂ ಅವರು ಒಪ್ಪಲಿಲ್ಲ ಅನ್ನೋದು ಇಲ್ಲಿ ಮಕ್ಕಳಿಗೂ ಗೊತ್ತು. ನೋಡಿ ಅಂಥ ಎದೆಗಾರಿಕೆ ಬೇಕು ಅಂತ ಒಂದು ಕಡೆ. ಅವರು ಕೇಳಿದ್ದು ಎಲ್ಲ ಕೈದಿಗಳನ್ನೂ ಚೆನ್ನಾಗಿ ನೋಡ್ಕೊಳ್ಳಿ ಅಂತ ಅಲ್ವಾ ಅಂತ ಇನ್ನೊಂದು ಕಡೆ. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆದಾರಿಯ ಎತ್ತರಕ್ಕೆ ಟ್ಯಾಂಕ್ ಹತ್ತಿಸಿದವರು ತಿಮ್ಮಯ್ಯ ಅಂತ ಒಬ್ಬರು ಅಂದ್ರೆ, ಕೊರಿಯಾದಲ್ಲಿ ಯುದ್ಧ ಕೈದಿಗಳನ್ನ ವಾಪಸ್ ಕಳಿಸೋ ಆಯೋಗದ ಅಧ್ಯಕ್ಷರಾಗಿದ್ದವರೂ ಅವರೇ, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಕೆಲಸದಲ್ಲೇ ತೀರಿಕೊಂಡವರೂ ಅವರೇ ಅಂತ ಮತ್ತೊಬ್ಬರು. ಎರಡೂ ನಿಜ. ಆದ್ರೆ ಇದರಿಂದ ಏನೂ ತೀರ್ಮಾನ ಆಗಲ್ಲ ಅನ್ನೋದು ಎಲ್ಲರಿಗೂ ಸುಸ್ತಾದಾಗ ಗೊತ್ತಾಯ್ತು, ಆಗ ಪ್ರಶ್ನೆಗೆ ಬಂದ್ವಿ.

ಏನು ಆಗ್ಬೇಕು ಅಂತ ಕೇಳಿದ ಕೂಡ್ಲೇ ಯುದ್ಧ ಬೇಕು ಅನ್ನೋ ಗುಂಪು ಒಂದೇ ಗುಂಪಾಗಿ ಉಳೀಲಿಲ್ಲ. ಸೆಕ್ರೆಟರಿ, ಪಿಒಕೆ, ಅಂದ್ರೆ ಪಾಕ್ ಆಕ್ರಮಿತ ಕಾಶ್ಮೀರ, ವಾಪಸ್ ಬರೋವರೆಗೆ ನಿಲ್ಲಿಸಬಾರದು ಅಂದ. ಅವನ ಪಕ್ಕದಲ್ಲೇ ಕೂತಿದ್ದ ಅವನ ಭಾವ, ಅಷ್ಟೆಲ್ಲ ಬೇಡ, ಕೊಂದವರನ್ನ, ಅವರಿಗೆ ಟ್ರೈನಿಂಗ್ ಕೊಟ್ಟ ಅಡ್ಡೆಗಳನ್ನ ಮುಗಿಸಿದ್ರೆ ಸಾಕು ಅಂದ. ಇನ್ನೊಬ್ಬ ಆ ದೇಶವೇ ಇರಬಾರದು ಅಂದ, ಅವನಿಗೆ ಎರಡನೇ ಪ್ರಶ್ನೆ ಕೇಳಿದಾಗ ಉತ್ತರ ಬರ್ಲಿಲ್ಲ, 1998ರಲ್ಲಿ ನಾವು ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿದ ಅದೇ ಮೇ ತಿಂಗಳಲ್ಲಿ ಅವರೂ ಅಣುಬಾಂಬ್ ಪರೀಕ್ಷೆ ಮಾಡಿದ್ದು ಅವನಿಗೂ ನೆನಪಿತ್ತು.

ಬೇಡ ಅನ್ನೋರಲ್ಲೂ ಹಾಗೇ. ರಿಟೈರ್ಡ್ ಟೀಚರ್ ಒಬ್ಬರು ಯಾವ ಯುದ್ಧವೂ ಬೇಡ, ಸಾಯೋದು ಅಲ್ಲಿನ ಬಡವರು ಇಲ್ಲಿನ ಬಡವರು ಅಂದ್ರು. ಒಬ್ಬ ತೋಟದ ಮಾಲೀಕರು ಖರ್ಚಿನ ಮಾತೆತ್ತಿದ್ರು, 2022ರಲ್ಲಿ ಎಲ್ಲೋ ಯುಕ್ರೇನ್‌ನಲ್ಲಿ ಯುದ್ಧ ಆದ್ರೆ ನಮ್ಮ ಪೊಟ್ಯಾಷ್ ರೇಟ್ ಎಲ್ಲಿಗೆ ಹೋಯ್ತು ನೋಡಿದ್ರಲ್ಲ, ಇನ್ನು ನಮ್ಮದೇ ಯುದ್ಧ ಆದ್ರೆ ಅಂತ. ನಿಮಗೆ ಗೊಬ್ಬರದ್ದೇ ಚಿಂತೆ ಅಂತ ಯಾರೋ ಚುಚ್ಚಿದ್ರು. ನನಗೆ ಆ ಚುಚ್ಚು ಸರಿ ಕಾಣಲಿಲ್ಲ, ಲೈನ್ ಮನೆಯಲ್ಲಿ ಇರೋ ತೋಟದ ಕೂಲಿಯವರಿಗೆ ಬೆಲೆ ಏರಿಕೆ ಅಂದ್ರೆ ಗೊಬ್ಬರ ಅಲ್ಲ, ಅಕ್ಕಿ.

ಸುಬೇದಾರರು ಅಲ್ಲಿವರೆಗೆ ಸುಮ್ನೆ ಇದ್ರು. ಅವರು ಎಂಜಿನಿಯರ್ಸ್ ರೆಜಿಮೆಂಟ್‌ನವರು. 2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆದಾಗ ಆಪರೇಷನ್ ಪರಾಕ್ರಮ್ ಅಂತ ಸುಮಾರು ಐದು ಲಕ್ಷ ಸೈನಿಕರನ್ನ ಗಡಿಗೆ ಕಳಿಸಿದ್ರು, 2002ರ ಅಕ್ಟೋಬರ್‌ವರೆಗೆ ಅಲ್ಲೇ ನಿಲ್ಲಿಸಿದ್ರು, ಯುದ್ಧ ಆಗ್ಲೇ ಇಲ್ಲ. ಯುದ್ಧ ಆಗದೇ ಇದ್ರೂ ಮೈನ್ (ನೆಲದಲ್ಲಿ ಹೂಳೋ ಬಾಂಬ್) ಸಿಡಿದು, ಅಪಘಾತದಲ್ಲಿ, ನೂರಾರು ಜನ ಸತ್ರು. ಇವರು ರಾಜಸ್ಥಾನದಲ್ಲಿ ರೈತರ ಹೊಲದಲ್ಲಿ ಮೈನ್ ಹೂಳಿದವರು, ಆಮೇಲೆ ಅದನ್ನೇ ತೆಗೆದವರು. "ಹೂಳೋವಾಗ ಗೊತ್ತಿತ್ತು ಯುದ್ಧ ಅಂತ. ತೆಗೆಯೋವಾಗ ಯಾಕೆ ಹೂಳಿದ್ವಿ ಅಂತ ಯಾರೂ ಹೇಳ್ಲಿಲ್ಲ. ಮರಳು ಸರಿದು ಮೈನ್ ಜಾಗ ಬಿಟ್ಟಿರ್ತದೆ, ಮ್ಯಾಪ್ ಪ್ರಕಾರ ಇರಲ್ಲ. ನಮ್ಮ ಹುಡುಗರು ಅದರಲ್ಲಿ ಕಾಲು ಕಳ್ಕೊಂಡ್ರು. ನಾನು ಯುದ್ಧ ಬೇಡ ಅನ್ನಲ್ಲ. ಯಾತಕ್ಕೆ ಅಂತ ಬರೀದೇ ಇರೋ ಕಾಗದಕ್ಕೆ ಸಹಿ ಹಾಕಲ್ಲ."

ಅದಕ್ಕೆ ಉತ್ತರ ಕೊಟ್ಟವರು ಇನ್ನೊಬ್ಬ ನಿವೃತ್ತ ಸೈನಿಕರೇ. ಹವಾಲ್ದಾರ್, 1999ರಲ್ಲಿ ದ್ರಾಸ್‌ನಲ್ಲಿ ಬೋಫೋರ್ಸ್ ತೋಪಿನ ಹಿಂದೆ ನಿಂತವರು, ಅವರು ಪೂರ್ತಿ ಯುದ್ಧದ ಪರ. ಹೊಡೆತ ಬಿದ್ರೆ ಮಾತ್ರ ಅವರಿಗೆ ಅರ್ಥ ಆಗೋದು ಸಾರ್, ನಾವು ಕಾರ್ಗಿಲ್‌ನಲ್ಲಿ ಹೊಡೆದೇ ಓಡಿಸಿದ್ದು ಅಂದ್ರು. ಸರಿ, ಎಲ್ಲಿ ನಿಲ್ಲಿಸಿದ್ರಿ ಅಂತ ಕೇಳಿದೆ. ಎಲ್‌ಒಸಿ, ಅಂದ್ರೆ ಗಡಿ ನಿಯಂತ್ರಣ ರೇಖೆ, ದಾಟಬಾರದು ಅಂತ ಆರ್ಡರ್ ಇತ್ತು, ನಮಗೆಲ್ಲ ಸಿಟ್ಟು, ಕೆಳಗಿಂದ ಬೆಟ್ಟ ಹತ್ತಿ ಹತ್ತಿ ಎಷ್ಟು ಜನ ಹೋದ್ರು, 527 ಜನ, ದಾಟಿದ್ರೆ ಕಮ್ಮಿ ಆಗ್ತಿತ್ತೇನೋ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಸೇರಿಸಿದ್ರು, ಆದ್ರೆ ಒಂದು, ನಮಗೆ ಏನ್ ಮಾಡ್ಬೇಕು ಅಂತ ಗೊತ್ತಿತ್ತು, ಶಿಖರ ವಾಪಸ್ ತಗೋಬೇಕು, ತಗೊಂಡ್ವಿ, ಮುಗೀತು.

ಈ ಪ್ರಕರಣದ ತಿರುವು ಇದೇ. ಅಲ್ಲಿವರೆಗೆ ಊರು ಅಂದುಕೊಂಡಿದ್ದು ಇದು ಧೈರ್ಯ ಇದ್ದವರು ಮತ್ತೆ ಇಲ್ಲದವರ ಜಗಳ ಅಂತ, ಇಲ್ಲಾಂದ್ರೆ ಹುಡುಗರು ಮತ್ತೆ ಮುದುಕರ ಜಗಳ ಅಂತ. ಎದುರಿಗೆ ಕೂತಿದ್ದ ಇಬ್ಬರೂ ಸೈನಿಕರು, ಇಬ್ಬರೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಒಬ್ಬರ ಅಭಿಪ್ರಾಯದ ಹಿಂದೆ ಗುರಿ ಇಲ್ಲದ ಕಾಯುವಿಕೆ ಇತ್ತು, ಇನ್ನೊಬ್ಬರ ಅಭಿಪ್ರಾಯದ ಹಿಂದೆ ಗುರಿ ಇದ್ದ ಯುದ್ಧ ಇತ್ತು. ಬೇಕು ಬೇಡ ಅನ್ನೋದರಲ್ಲಿ ಅವರು ಬೇರೆ, ಗುರಿ ಇರ್ಬೇಕು ಅನ್ನೋದರಲ್ಲಿ ಒಂದೇ. ಅದು ಅವರಿಬ್ಬರಿಗೂ ಅಲ್ಲಿವರೆಗೆ ಗೊತ್ತಿರ್ಲಿಲ್ಲ, ಎಷ್ಟೋ ವರ್ಷದಿಂದ ಒಂದೇ ಕ್ಯಾಂಟೀನ್‌ಗೆ ಹೋಗ್ತಿದ್ರೂ.

ಸೆಕ್ರೆಟರಿಯ ವಾದವನ್ನ ಇಲ್ಲಿ ಸರಿಯಾಗಿ ಹೇಳ್ಬೇಕು, ಅವನು ಬರೀ ಕೂಗಾಡೋ ಹುಡುಗ ಅಲ್ಲ. 2008ರಲ್ಲಿ ಮುಂಬೈನಲ್ಲಿ 166 ಜನ ಸತ್ರು, ನಾವು ಯುದ್ಧಕ್ಕೆ ಹೋಗಲಿಲ್ಲ, ಆಯ್ತಾ. 2016ರಲ್ಲಿ ಉರಿ ದಾಳಿ ಆದ್ಮೇಲೆ ಸರ್ಜಿಕಲ್ ಸ್ಟ್ರೈಕ್, 2019ರಲ್ಲಿ ಪುಲ್ವಾಮಾ ದಾಳಿ ಆದ್ಮೇಲೆ ಬಾಲಾಕೋಟ್ ಮೇಲೆ ವಿಮಾನ ದಾಳಿ. ಮತ್ತೂ ಪಹಲ್ಗಾಮ್ ಆಯ್ತು ಅಂದ್ರೆ ಹೊಡೆತ ಸಾಕಾಗ್ಲಿಲ್ಲ ಅಂತ ಅರ್ಥ ಅಂದ. ಟೀಚರ್ ಅದೇ ಪಟ್ಟಿ ಹಿಡಿದು, ಹೊಡೆದ್ರೂ ನಿಂತಿಲ್ಲ ಅಂದ್ರೆ ಹೊಡೆತದಿಂದ ನಿಲ್ಲಲ್ಲ ಅಂತ ಅರ್ಥ ಅಂದ್ರು. ಇಬ್ಬರ ಮಾತೂ ತಳ್ಳಿಹಾಕೋ ಹಾಗಿರ್ಲಿಲ್ಲ, ಯಾರೂ ತಳ್ಳಿಹಾಕಲೂ ಇಲ್ಲ. ಸುಬೇದಾರರು 1971 ಎತ್ತಿದ್ರು, ಏಪ್ರಿಲ್‌ನಲ್ಲೇ ಯುದ್ಧಕ್ಕೆ ಹೋಗಿ ಅಂದಾಗ ಆಗಿನ ಸೇನಾ ಮುಖ್ಯಸ್ಥ ಮಾಣೆಕ್ ಷಾ ಈಗ ಆಗಲ್ಲ, ಮಳೆಗಾಲ ಬರ್ತಿದೆ, ಸಿದ್ಧತೆ ಬೇಕು ಅಂದಿದ್ದು, ಡಿಸೆಂಬರ್‌ವರೆಗೆ ಕಾದು 13 ದಿನಕ್ಕೆ ಮುಗಿಸಿದ್ದು. ಹಾಗಾದ್ರೆ ಕಾಯೋದು ಹೇಡಿತನ ಅಲ್ಲ ಅಂತ ಸೆಕ್ರೆಟರಿನೇ ಒಪ್ಪಿದ, ಆದ್ರೆ ಕಾಯ್ತೀವಿ ಅಂತ ಹೇಳಿ ಮರೆತುಬಿಡ್ತಾರೆ ಮಾವ, ಅದೇ ನನ್ನ ಹೆದರಿಕೆ ಅಂದ.

ಒಬ್ಬಳು ಕಾಲೇಜು ಹುಡುಗಿ ಕೇಳಿದ ಪ್ರಶ್ನೆ, ಯುದ್ಧಕ್ಕೆ ಹೋಗೋ ಮೊದಲು ಪಾರ್ಲಿಮೆಂಟಲ್ಲಿ ವೋಟ್ ಹಾಕಲ್ವಾ ಸಾರ್ ಅಂತ. ನಮ್ಮಲ್ಲಿ ಮೊದಲೇ ವೋಟ್ ಆಗ್ಲೇಬೇಕು ಅಂತ ಇಲ್ಲ, ಸೇನೆಯ ಪರಮಾಧಿಕಾರ ರಾಷ್ಟ್ರಪತಿ ಹೆಸರಲ್ಲಿ, ತೀರ್ಮಾನ ಮಾಡೋದು ಸಂಪುಟ. ಆದ್ರೆ 1962ರಲ್ಲಿ ಚೀನಾ ಯುದ್ಧ ನಡೀತಿರುವಾಗಲೇ ನವೆಂಬರ್‌ನಲ್ಲಿ ಸಂಸತ್ತು ಸೇರಿ ಚರ್ಚೆ ಮಾಡಿತ್ತು, ಅಧಿವೇಶನ ಕರೀಲೇಬೇಕು ಅಂತ ಕೇಳಿದವರಲ್ಲಿ ಆಗ ಇನ್ನೂ ಯುವಕ ಆಗಿದ್ದ ವಾಜಪೇಯಿ ಒಬ್ಬರು ಅಂತ ಹೇಳಿದೆ. ಯುದ್ಧದ ಮಧ್ಯೆ ಸರ್ಕಾರವನ್ನ ಪ್ರಶ್ನೆ ಕೇಳಿದವರನ್ನ ದ್ರೋಹಿ ಅನ್ನಲಿಲ್ಲ ಈ ದೇಶ, ಅವರನ್ನೇ ಮುಂದೆ ಪ್ರಧಾನಿ ಮಾಡಿತು. ನಮ್ಮ ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಶಾಂತಿಗೆ ಶ್ರಮಿಸ್ಬೇಕು ಅನ್ನುತ್ತೆ, ವಿಶ್ವಸಂಸ್ಥೆ ಸನ್ನದಿನ 51ನೇ ವಿಧಿ ಮೇಲೆ ಬಿದ್ದವರ ವಿರುದ್ಧ ಆತ್ಮರಕ್ಷಣೆಯ ಹಕ್ಕು ಇದೆ ಅನ್ನುತ್ತೆ. ನಂಬರ್ ಒಂದೇ ಆಗಿರೋದು ಆಕಸ್ಮಿಕ, ಆದ್ರೆ ಎರಡನ್ನೂ ಒಟ್ಟಿಗೆ ಹಿಡ್ಕೊಂಡೇ ಈ ಚರ್ಚೆ ಮಾಡ್ಬೇಕು.

ಸಭೆಗೆ ಬರದೇ ಇದ್ದವರು

ಮಗ ಆಗ ಜಮ್ಮು ಕಡೆ ಪೋಸ್ಟಿಂಗ್‌ನಲ್ಲಿದ್ದ ಒಬ್ಬರು ತಾಯಿ ಸಭೆಗೆ ಬರ್ಲಿಲ್ಲ. ಎರಡೂ ಕಡೆಯವರು ಅವರ ಮಗನ ಹೆಸರು ಹೇಳ್ತಿದ್ರು. ನಮ್ಮ ಹುಡುಗ ಗಡಿಯಲ್ಲಿದ್ದಾನೆ ಅವನಿಗೆ ಬೆಂಬಲ ಬೇಡ್ವಾ ಅಂತ ಇವರು, ಅವನಿಗೆ ಏನಾದ್ರೂ ಆದ್ರೆ ಅಂತ ಅವರು. ಸ್ತ್ರೀಶಕ್ತಿ ಸಂಘದ ಹೆಂಗಸರ ಮೂಲಕ ಅವರು ಹೇಳಿ ಕಳಿಸಿದ್ದು ಎರಡೇ ವಿಷಯ. ಯುದ್ಧ ಬೇಕಾ ಬೇಡ್ವಾ ಅಂತ ನನ್ನ ಕೇಳ್ಬೇಡಿ, ನನ್ನ ಮಗನ ಹೆಸರು ಯಾರೂ ತಗೋಬೇಡಿ. ಇನ್ನೊಂದು, ಅವನ ಯುನಿಟ್ ಎಲ್ಲಿದೆ, ಯಾವ ಟ್ರೈನ್‌ನಲ್ಲಿ ಹೋದ್ರು ಅಂತ ಗ್ರೂಪ್‌ನಲ್ಲಿ ಫೋಟೊ ಹಾಕ್ತಿದ್ದೀರಲ್ಲ, ಅದನ್ನ ಮೊದಲು ತೆಗೀರಿ.

ಏಪ್ರಿಲ್ 26ಕ್ಕೇ ಕೇಂದ್ರ ಸರ್ಕಾರ ಸೇನೆಯ ಚಲನವಲನ ಲೈವ್ ತೋರಿಸ್ಬೇಡಿ ಅಂತ ಮಾಧ್ಯಮಗಳಿಗೆ ಸೂಚನೆ ಕೊಟ್ಟಿತ್ತು. ಊರಿನ ಗ್ರೂಪ್‌ಗೆ ಅದು ಅನ್ವಯ ಆಗುತ್ತೆ ಅಂತ ಯಾರಿಗೂ ಹೊಳೆದಿರ್ಲಿಲ್ಲ. ಆ ತಾಯಿ ಹೇಳಿ ಕಳಿಸಿದ ದಿನ ಸಂಜೆಯೇ ಎಲ್ಲ ಫೋಟೊ ಡಿಲೀಟ್ ಆಯ್ತು. ಇಡೀ ಊರು ಒಂದೇ ಮಾತಿಗೆ ಒಪ್ಪಿದ್ದು ಇದೊಂದಕ್ಕೇ, ನಿಜವಾಗಿ ಒಬ್ಬ ಸೈನಿಕನಿಗೆ ಉಪಯೋಗ ಆದ ಕೆಲಸವೂ ಇದೇ ಅಂತ ನಾನು ನಂಬಿದ್ದೀನಿ.

ಏನಾಯ್ತು

ಮನವಿ ಒಂದಾಗ್ಲಿಲ್ಲ, ಎರಡಾಯ್ತು. ಸಂಘದ ಹೆಸರಲ್ಲಿ ಹೋದದ್ದು ಸಣ್ಣದು. ದಾಳಿ ಮಾಡಿದವರಿಗೂ ಮಾಡಿಸಿದವರಿಗೂ ಶಿಕ್ಷೆ ಆಗ್ಬೇಕು, ಸೈನಿಕ ಕ್ರಮ ತಗೊಂಡ್ರೆ ಅದರ ಗುರಿ ಏನು ಅಂತ ಜನರಿಗೆ ಹೇಳ್ಬೇಕು, ಗಡಿಯಲ್ಲಿರೋ ಸೈನಿಕರ ಮನೆಯವರ ಕೆಲಸಗಳು ನಮ್ಮ ತಾಲ್ಲೂಕು ಕಚೇರಿಯಲ್ಲಿ ಬೇಗ ಆಗ್ಬೇಕು. ಯುದ್ಧ ಸಾರಲೇಬೇಕು ಅನ್ನೋರು ತಮ್ಮ ತಮ್ಮ ಹೆಸರಲ್ಲಿ ಬೇರೆ ಮನವಿ ಕೊಟ್ರು, ಅದನ್ನೂ ನಾನೇ ಬರೆದುಕೊಟ್ಟೆ, ಅಷ್ಟೇ ಶ್ರದ್ಧೆಯಿಂದ. ಎರಡಕ್ಕೂ ಸಹಿ ಹಾಕಿದವರಿದ್ರು, ಹವಾಲ್ದಾರ್ ಅವರಲ್ಲಿ ಒಬ್ಬರು. ಸುಬೇದಾರರು ಮೊದಲನೆಯದಕ್ಕೆ ಹಾಕಿದ್ರು. ಟೀಚರ್ ಯಾವುದಕ್ಕೂ ಹಾಕಲಿಲ್ಲ, ಅವರನ್ನ ಯಾರೂ ಯಾಕೆ ಅಂತ ಕೇಳಲೂ ಇಲ್ಲ.

ಇದಕ್ಕಿಂತ ಮುಖ್ಯ ಆದದ್ದು ಸಭೆಯ ನಡಾವಳಿ ಪುಸ್ತಕ. ಮೂರನೇ ಪ್ರಶ್ನೆಗೆ, ಅಂದ್ರೆ ಯಾವಾಗ ಸಾಕು ಅನ್ನೋದಕ್ಕೆ, ಬಂದವರೆಲ್ಲ ಒಂದೊಂದು ಸಾಲು ತಮ್ಮ ಕೈಯಲ್ಲೇ ಬರೆದು ತಾರೀಕು ಹಾಕಿ ಸಹಿ ಮಾಡಿದ್ರು.

ಮೇ 7ರ ಬೆಳಗಿನ ಜಾವ ಆಪರೇಷನ್ ಸಿಂಧೂರ್ ಆಯ್ತು, ನಮ್ಮವರು ಪಾಕಿಸ್ತಾನ ಮತ್ತೆ ಪಿಒಕೆಯಲ್ಲಿ ಉಗ್ರರ ಅಡ್ಡೆಗಳ ಮೇಲೆ ಒಂಬತ್ತು ಕಡೆ ಹೊಡೆದ್ರು. ಮೂರ್ನಾಲ್ಕು ದಿನ ಯಾರಿಗೂ ನಿದ್ದೆ ಇಲ್ಲ, ಪೂಂಚ್‌ನಲ್ಲಿ ಶೆಲ್ ಬಿದ್ದು ಸಾಮಾನ್ಯ ಜನ ಸತ್ತ ಸುದ್ದಿ, ಗಡಿ ರಾಜ್ಯಗಳಲ್ಲಿ ಬ್ಲ್ಯಾಕ್‌ಔಟ್. ಮೇ 10ರ ಸಂಜೆ ಎರಡೂ ಕಡೆಯ ಡಿಜಿಎಂಒಗಳು, ಅಂದ್ರೆ ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರು, ಮಾತಾಡಿ ನಿಲ್ಲಿಸಿದ್ರು ಅಂತ ಬಂತು. ಗ್ರೂಪ್ ಅಷ್ಟು ಹೊತ್ತಿಗೆ ಲಾಕ್ ತೆಗೆದಿತ್ತು, ಮತ್ತೆ ಹೊತ್ಕೊಳ್ತು. ಯಾಕೆ ನಿಲ್ಲಿಸಿದ್ರು, ಇನ್ನೆರಡು ದಿನ ಬಿಟ್ಟಿದ್ರೆ ಅಂತ.

ಈ ಸಲ ಅಧ್ಯಕ್ಷರು ಲಾಕ್ ಮಾಡಲಿಲ್ಲ, ಪುಸ್ತಕ ತೆರೆದಿದೆ ಬನ್ನಿ ಅಂತ ಹಾಕಿದ್ರು. ಬಂದವರು ತಾವೇ ಬರೆದ ಸಾಲು ಓದಿದ್ರು. ಉಗ್ರರ ಅಡ್ಡೆ ಹೊಡೆದ್ರೆ ಸಾಕು ಅಂತ ಬರೆದಿದ್ದ ಭಾವನಿಗೆ, ನಿಲ್ಲಿಸಿದ್ದು ತಪ್ಪು ಅನ್ನೋಕೆ ದಾರಿ ಉಳೀಲಿಲ್ಲ, ಅವನೇ ಹಾಗಂದ. ಸೆಕ್ರೆಟರಿ ಪಿಒಕೆ ಅಂತ ಬರೆದಿದ್ದ, ಅವನ ಪ್ರಕಾರ ಸಾಕಾಗಿಲ್ಲ. ಸುಬೇದಾರರು ಅವನಿಗೆ, ನೀನು ಅವತ್ತು ಬರೆದಿದ್ದನ್ನೇ ಇವತ್ತೂ ಹೇಳ್ತಿದ್ದೀಯ, ನಾನು ಒಪ್ಪಲ್ಲ, ಆದ್ರೆ ನಿನ್ನ ಮಾತಿಗೆ ಬೆಲೆ ಉಂಟು ಅಂದ್ರು. ಟೀಚರ್ ಪೂಂಚ್‌ನಲ್ಲಿ ಸತ್ತವರ ಬಗ್ಗೆ ಮಾತಾಡಿದಾಗ ಅಲ್ಲಿದ್ದವರು ಎದ್ದು ಹೋಗಲಿಲ್ಲ, ಕೂತು ಕೇಳಿದ್ರು.

ಇದರಿಂದ ತಿಳಿದದ್ದು

ಬೇಕು ಬೇಡ ಅಂತ ಕೈ ಎತ್ತಿಸಿದ್ರೆ ಊರಿಗೆ ಸಿಗ್ತಿದ್ದದ್ದು ಎರಡು ಗುಂಪು, ಗುರಿ ಏನು ಅಂತ ಕೇಳಿದ್ರಿಂದ ಸಿಕ್ಕಿದ್ದು ಏಳೆಂಟು ಅಭಿಪ್ರಾಯ, ಅದರಲ್ಲಿ ಒಂದಕ್ಕೊಂದು ಹತ್ರ ಇರೋವು ಬೇರೆ ಬೇರೆ ಗುಂಪಿನಲ್ಲಿದ್ವು. ಬರೆಸಿ ಇಟ್ಟಿದ್ದು ಯುದ್ಧಕ್ಕೆ ಮೊದಲು ಆಗಿದ್ರಿಂದ ಕೆಲಸಕ್ಕೆ ಬಂತು, ಆಮೇಲೆ ಬರೆಸಿದ್ರೆ ಎಲ್ಲರೂ ನಡೆದಿದ್ದಕ್ಕೆ ತಕ್ಕ ಹಾಗೆ ಬರೀತಿದ್ರು. ಇಂಥ ಸಭೆ ದಾಳಿಯಾದ ಮೊದಲೆರಡು ದಿನದಲ್ಲಿ ಮಾಡೋದೂ ಬೇಡ, ಆಗ ಜನರಿಗೆ ಬೇಕಾಗಿರೋದು ಸತ್ತವರಿಗೆ ಅಳೋಕೆ ಜಾಗ. ಸೈನಿಕರ ಮನೆಯವರನ್ನ ಸಾಕ್ಷಿ ಹೇಳೋಕೆ ಎಳೀಬೇಡಿ, ಅವರು ತಾವಾಗಿ ಬಂದ್ರೆ ಮೊದಲ ಕುರ್ಚಿ ಕೊಡಿ. ಮತ್ತೆ ಯಾರದ್ದಾದ್ರೂ ದೇಶಭಕ್ತಿ ಪರೀಕ್ಷೆ ಮಾಡೋ ಮಾತು ಬಂದ ದಿನವೇ, ಅದೂ ಅಧ್ಯಕ್ಷರ ಬಾಯಿಂದಲೇ, ನಿಲ್ಲಿಸ್ಬೇಕು. ಒಂದು ವಾರ ಬಿಟ್ಟಿದ್ರೆ ಆ ಅಂಗಡಿಗೆ ಹೋಗೋ ಗಿರಾಕಿ ಕಮ್ಮಿ ಆಗ್ತಿದ್ರು, ಆಮೇಲೆ ಯಾವ ಸಭೆ ಮಾಡಿದ್ರೂ ಅವರು ವಾಪಸ್ ಬರ್ತಿರ್ಲಿಲ್ಲ.

ಎಲ್ಲ ಸರಿಹೋಗಿಲ್ಲ. ಪೆನ್ಷನ್ ಮಾತು ಆಡಿದವನು ಇನ್ನೂ ಕ್ಷಮೆ ಕೇಳಿಲ್ಲ, ಸುಬೇದಾರರು ಗ್ರೂಪ್ ಬಿಟ್ಟು ಹೋದವರು ವಾಪಸ್ ಸೇರಿಲ್ಲ, ಅಧ್ಯಕ್ಷರು ಇಬ್ಬರ ಮನೆಗೂ ಹೋಗಿ ಬರ್ತಾನೇ ಇದ್ದಾರೆ.